ತಾಂಡೂರು ರೈಲು ನಿಲ್ದಾಣ

ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ತಾಂಡೂರು ಪಟ್ಟಣದಲ್ಲಿ, ವಾಡಿ–ಸಿಕಂದರಾಬಾದ್ ಬ್ರಾಡ್‌ಗೇಜ್ ಮಾರ್ಗದ ಮೇಲಿರುವ ರೈಲು ನಿಲ್ದಾಣ. ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿದೆ. ಮುಂಬಯಿ–ಮದರಾಸು ಮುಖ್ಯ ಮಾರ್ಗಕ್ಕೆ ಹೈದರಾಬಾದ್ ಸಂಸ್ಥಾನವನ್ನು ವಾಡಿಯಲ್ಲಿ ಜೋಡಿಸಲು, ದಿವಾನ ಒಂದನೆಯ ಸಾಲಾರ್ ಜಂಗ್‌ನ ಕಾಲದಲ್ಲಿ ನಿಜಾಮ್ ಸರ್ಕಾರದ ವೆಚ್ಚದಲ್ಲಿ ಹಾಕಿದ ಈ ಮಾರ್ಗ 1874ರಲ್ಲಿ ತೆರೆಯಿತು. ಮುಂದೆ ಇದು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆಯ ಅಧೀನವಾಗಿ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. ನೆಲಹಾಸಿಗೆ ಬಳಸುವ ನೀಲಿ ಮತ್ತು ಹಳದಿ ಛಾಯೆಯ ಸುಣ್ಣಕಲ್ಲಿನ ಚಪ್ಪಡಿ, ಸಿಮೆಂಟ್ ಹಾಗೂ 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರು ತೊಗರಿ ಈ ಭಾಗದ ಮುಖ್ಯ ಸರಕುಗಳು. ವಾಡಿಯತ್ತ ಗಡಿ ದಾಟಿದರೆ ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ ರಸ್ತೆ, ಚಿತ್ತಾಪುರ ನಿಲ್ದಾಣಗಳಿವೆ. ಸೇಡಂ, ಚಿಂಚೋಳಿ ಸೀಮೆಯ ಕನ್ನಡಿಗರಿಗೆ ಹೈದರಾಬಾದಿನ ದಾರಿಯಲ್ಲಿ ಸಿಗುವ ಮೊದಲ ದೊಡ್ಡ ನಿಲ್ದಾಣ ಇದೇ.