ಮೂರು ಕಾರ್ಡು, ಒಂದು ಗಾಂಧಾರ

ಶಾಸ್ತ್ರ ಕಲಿತರೆ ಹಾಡು ಸಾಯ್ತದೆ ಅಂತ ಗೆಳೆಯರು ಹೇಳ್ತಾರೆ. ಶಾಸ್ತ್ರ ಗೊತ್ತಿಲ್ಲದವರದ್ದು ಹಾಡೇ ಅಲ್ಲ ಅಂತ ಪಂಡಿತರು ಹೇಳ್ತಾರೆ. ನಮ್ಮನೇಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾನು ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡವನು. ಅದಕ್ಕೇ ಅಮೆರಿಕದ ಕಪ್ಪು ಜನರ ಬ್ಲೂಸ್ ಚರಿತ್ರೆ ನನಗೆ ಬೇಕಾಯಿತು.

1865ರಲ್ಲಿ ಅಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಸತ್ತಿತು. ಹತ್ತಿ ಹೊಲದ ಜೀತ ಸಾಯಲಿಲ್ಲ. ಆ ಹೊಲದ ಕೂಗು, ಚರ್ಚಿನ ಹಾಡು, ಗಿಟಾರು ಕೂಡಿ ದಕ್ಷಿಣದ ರಾಜ್ಯಗಳಲ್ಲಿ ಬ್ಲೂಸ್ ಹುಟ್ಟಿತು. ಕಟ್ಟು ಸರಳ: ನಾಲ್ಕು ಪೆಟ್ಟಿನ ಹನ್ನೆರಡು ಆವರ್ತ, ಮೂರು ಕಾರ್ಡು. ಕಾರ್ಡು ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಹಾರ್ಮೋನಿಯಂನಲ್ಲಿ ಸ-ಗ-ಪ ಒಟ್ಟಿಗೆ ಒತ್ತಿ ನೋಡಿ. ಮೊದಲ ಸಾಲನ್ನೇ ಎರಡು ಸಲ ಹಾಡಬೇಕು, ಮೂರನೇ ಸಾಲು ಅದಕ್ಕೆ ಉತ್ತರ.

ಗುಟ್ಟು ಇರುವುದು ಗಾಂಧಾರದಲ್ಲಿ. ಬ್ಲೂಸ್ ಹಾಡುವವಳ ಗಾಂಧಾರ ಪಿಯಾನೋದ ಬಿಳಿ ಮನೆಯಲ್ಲೂ ಕೂರದು, ಕಪ್ಪು ಮನೆಯಲ್ಲೂ ಕೂರದು. ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಅಲೆಯುತ್ತದೆ. ಮೊದಲ ಸಾಲಿನ ಕಾರ್ಡಿನಲ್ಲಿರುವುದು ಅಂತರ ಗಾಂಧಾರ. ಇವಳ ಇಳಿದ ಗಾಂಧಾರ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಎರಡನೇ ಸಾಲಿಗೆ ಕಾರ್ಡು ಮಧ್ಯಮಕ್ಕೆ ಸರಿಯುತ್ತದೆ: ಮ-ಧ-ಸ. ಬ್ಲೂಸಿನವರು ಅದಕ್ಕೆ ನಾಲ್ಕನೆಯದಾಗಿ ಸೇರಿಸುವುದು ಅದೇ ಸಾಧಾರಣ ಗಾಂಧಾರ! ಮಾತು ಬದಲಾಗಿಲ್ಲ, ಸ್ವರ ಬದಲಾಗಿಲ್ಲ, ಕೆಳಗಿನ ನೆಲ ಬದಲಾಗಿದೆ. ಹೊರಗೆ ನಿಲ್ಲಿಸಿದ್ದ ಸ್ವರಕ್ಕೆ ಒಳಗೆ ಜಾಗ ಸಿಕ್ಕಿದೆ. ಮೂರನೇ ಸಾಲು ಪಂಚಮದ ಕಾರ್ಡಿಗೆ ಏರಿ ಷಡ್ಜಕ್ಕೆ ಇಳಿಯುತ್ತದೆ. ಇದನ್ನು ಕಟ್ಟಿದವರಲ್ಲಿ ಬಹಳ ಜನಕ್ಕೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹಾಗಂತ ಇದು ಶಾಸ್ತ್ರ ಅಲ್ಲವೇನು?

ಡಬ್ಲ್ಯು. ಸಿ. ಹ್ಯಾಂಡಿ ಓದಿದವನು. 1873ರಲ್ಲಿ ಅಲಬಾಮದಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ. ಹುಡುಗ ಕಾಸು ಕೂಡಿಟ್ಟು ಗಿಟಾರು ತಂದರೆ ಅಪ್ಪ ವಾಪಸು ಕೊಡಿಸಿ ಆರ್ಗನ್ ಪಾಠಕ್ಕೆ ಹಾಕಿದ. ಮುಂದೆ ಹ್ಯಾಂಡಿ ಬ್ಯಾಂಡ್ ಮೇಷ್ಟ್ರಾದ. 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಹರಕು ಬಟ್ಟೆಯವನೊಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ಹಾಡುತ್ತಿದ್ದ. ಹ್ಯಾಂಡಿ ಅದನ್ನು ಮರೆಯಲಿಲ್ಲ.

1914ರ ‘ಸೇಂಟ್ ಲೂಯಿಸ್ ಬ್ಲೂಸ್’ನಲ್ಲಿ ಹನ್ನೆರಡು ಆವರ್ತದ ಬ್ಲೂಸ್ ನಡುವೆ ಹದಿನಾರು ಆವರ್ತದ ಬೇರೆ ತುಂಡು ಇಟ್ಟ. ಅದು ಹಬನೇರ ಎಂಬ ಕ್ಯೂಬಾದ ನಡೆ, ಸಾಧಾರಣ ಗಾಂಧಾರದ ಮೈನರ್. ಅದು ಮುಗಿದರೆ ಮತ್ತೆ ಬ್ಲೂಸ್. ಹಾಡುವವರು ಒಂದೇ ಸ್ವರದಲ್ಲಿ ಆಡುತ್ತಿದ್ದ ಜಗಳವನ್ನು ಇಡೀ ಹಾಡಿನ ತುಂಬ ಹರಡಿದ. ಇದು ಕಲಿತ ಶಾಸ್ತ್ರದ ಕೆಲಸ. 1925ರಲ್ಲಿ ಬೆಸ್ಸಿ ಸ್ಮಿತ್ ಅದನ್ನು ಹಾಡಿದಳು, ಕಾರ್ನೆಟ್ ಊದಿದವನು ಲೂಯಿ ಆರ್ಮ್‌ಸ್ಟ್ರಾಂಗ್. 1951ರಲ್ಲಿ ಚಾರ್ಲಿ ಪಾರ್ಕರ್ ‘ಬ್ಲೂಸ್ ಫಾರ್ ಆಲಿಸ್’ನಲ್ಲಿ ಅದೇ ಹನ್ನೆರಡು ಆವರ್ತದೊಳಗೆ ಮೂರರ ಬದಲು ಕಾರ್ಡುಗಳ ಸಾಲನ್ನೇ ತುಂಬಿದ. ಬ್ಲೂಸ್ ಸಾಯಲಿಲ್ಲ.

ಹ್ಯಾಂಡಿ ‘ಬ್ಲೂಸಿನ ತಂದೆ’ ಅನ್ನಿಸಿಕೊಂಡ. ನಿಲ್ದಾಣದವನ ಹೆಸರು ಚರಿತ್ರೆಯಲ್ಲಿ ಇಲ್ಲ. ಬರೆಯಲು ಬಂದವನಿಗೆ ಹೆಸರು ಬಂತು.

ನಮ್ಮವ್ವ ಕಳೆ ಕೀಳುವಾಗ ಹಾಡೋ ಪದಗಳನ್ನ ಈಗ ಬರ್ಕೋತಾ ಇದೀನಿ. ಕಾರ್ಡೂ ಕಲೀತೀನಿ. ಆದರೆ ಅವಳ ಗಾಂಧಾರವನ್ನು ಹಾರ್ಮೋನಿಯಂ ಮನೆಗೆ ಹೊಂದಿಸೋದಿಲ್ಲ. ಪದದ ಕೆಳಗೆ ಅವಳ ಹೆಸರೇ ಇರ್ತದೆ.