ನಕಲಿನ ನಕಲನ್ನು ನಂಬಬಹುದಾ? ಮೂಡುಬಿದಿರೆಯ ಓಲೆಗರಿ, ಬಂಟ್ವಾಳದ ನೆರೆ ಮತ್ತು ಸುವಾರ್ತೆಗಳು

ಭಾಗ 1

ಮೊನ್ನೆ ಸ್ಟೋರಿಯಲ್ಲಿ ಪ್ರಶ್ನೆ ಬಾಕ್ಸ್ ಹಾಕಿದ್ದೆ. ಅದರಲ್ಲಿ ಒಂದೇ ಮಾತು ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಬಂತು ಗೊತ್ತುಂಟಾ? "ಬೈಬಲ್ ಅಂದ್ರೆ ನಕಲಿನ ನಕಲಿನ ನಕಲು. ಎರಡು ಸಾವಿರ ವರ್ಷ ಕೈಯಿಂದ ಕೈಗೆ ಹೋದದ್ದು. ಅದನ್ನು ಇತಿಹಾಸ ಅಂತ ಹೇಗೆ ಹೇಳ್ತೀ ಮಾರಾಯ್ತಿ?"

ಒಳ್ಳೆಯ ಪ್ರಶ್ನೆ. ನಾನು ಭಾನುವಾರ ಪೂಜೆಗೆ ಹೋಗುವವಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಸರಣಿಯಲ್ಲಿ "ಮೊದಲು ನಂಬಿ, ಆಮೇಲೆ ನೋಡಿ" ಅಂತ ಹೇಳಲಿಕ್ಕಿಲ್ಲ. ನಾವು ಬಿಕಾಂನವರು, ವೋಚರ್ ತೆಗೆದು ನೋಡುವ. ನೀವು ಯಾವ ಧರ್ಮದವರಾದರೂ, ಯಾವುದನ್ನೂ ನಂಬದವರಾದರೂ, ಇದನ್ನು ಓದಬಹುದು.

ಜೆರುಸಲೇಮಿಗೆ ಆಮೇಲೆ ಹೋಗುವ. ಮೊದಲು ಮೂಡುಬಿದಿರೆ.

ಸಾವಿರ ಕಂಬದ ಬಸದಿ ಎಲ್ಲರಿಗೂ ಗೊತ್ತು, 1430ರದ್ದು, ರೀಲ್ಸ್‌ಗೆ ಒಳ್ಳೆಯ ಜಾಗ. ಆದರೆ ಅದೇ ಊರಿನ ಗುರುಬಸದಿಯನ್ನು ಸಿದ್ಧಾಂತ ಬಸದಿ ಅಂತ ಯಾಕೆ ಕರೀತಾರೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ದಿಗಂಬರ ಜೈನರ ಅತಿ ಹಳೆಯ ಸಿದ್ಧಾಂತ ಗ್ರಂಥ ಷಟ್ಖಂಡಾಗಮ. ಅದನ್ನು ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳು ಬರೆದರು, ಸುಮಾರು 2ನೇ ಶತಮಾನದಲ್ಲಿ ಅನ್ನುತ್ತಾರೆ. ಅದಕ್ಕೆ 9ನೇ ಶತಮಾನದಲ್ಲಿ ವೀರಸೇನರು ಬರೆದ ದೊಡ್ಡ ವ್ಯಾಖ್ಯಾನವೇ ಧವಲಾ. ಇವು ಉಳಿದದ್ದು ಮೂಡುಬಿದಿರೆಯ ಓಲೆಗರಿಗಳಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಆ ಗರಿಗಳ ಕಾಲ ಸುಮಾರು 12ನೇ ಶತಮಾನದ ಆರಂಭ.

ಲೆಕ್ಕ ಹಾಕಿ. ಮೂಲ ಗ್ರಂಥಕ್ಕೂ ಈಗ ಕೈಯಲ್ಲಿರುವ ಗರಿಗೂ ನಡುವೆ ಸಾವಿರ ವರ್ಷದ ಹತ್ತಿರ. ವ್ಯಾಖ್ಯಾನಕ್ಕೂ ಗರಿಗೂ ಸುಮಾರು ಮುನ್ನೂರು ವರ್ಷ. ಹಾಗಂತ ಯಾರಾದರೂ ವಿದ್ವಾಂಸರು "ಇದು ನಕಲಿನ ನಕಲು, ಬಿಸಾಡಿ" ಅಂದರಾ? ಇಲ್ಲ. ಶತಮಾನಗಳ ಕಾಲ ಗರಿಗಳಿಗೆ ದರ್ಶನ ಮಾತ್ರ ಇತ್ತು, ಹೊರಗೆ ಹೋಗುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಸುರುವಾಯಿತು. ಒಂದು ಪ್ರತಿ ಗುಟ್ಟಾಗಿ ಊರು ಬಿಟ್ಟು ಉತ್ತರ ಭಾರತ ಸೇರಿತು, ಅದರಿಂದ ಇನ್ನಷ್ಟು ಪ್ರತಿಗಳು ಹುಟ್ಟಿದವು. (ಇದೊಂದು ವೆಬ್ ಸೀರೀಸ್ ಆಗಬೇಕಿತ್ತು, ನಿಜವಾಗಿ.) ಹೀಗೆ ಹೊರಗೆ ಹರಡಿದ ಪ್ರತಿಗಳನ್ನು ಇಟ್ಟುಕೊಂಡೇ ಹೀರಾಲಾಲ್ ಜೈನ್ ಅವರು ಅಮರಾವತಿಯಿಂದ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು.

ನನಗೆ ಬೇಕಾದ ಜಾಗ ಇನ್ನು ಬರುವುದು. ಮೊದಲ ಖಂಡದ 93ನೇ ಸೂತ್ರದಲ್ಲಿ ಸಂಪಾದಕರಿಗೆ ಒಂದು ಸಂಶಯ ಬಂತು. ವ್ಯಾಖ್ಯಾನ ಓದಿದರೆ ಇಲ್ಲಿ "ಸಂಜದ" ಎಂಬ ಪದ ಇರಬೇಕು, ಆದರೆ ಪ್ರತಿಗಳಲ್ಲಿ ಇಲ್ಲ. ಸಂಜದ ಅಂದರೆ ಸಂಯತ, ಪೂರ್ಣ ಸಂಯಮದ ಹಂತ. ಹೆಂಗಸರಿಗೆ ಆ ಹಂತ ಉಂಟಾ ಇಲ್ಲವಾ ಎಂಬ ಹಳೆಯ ವಾದಕ್ಕೆ ಅದು ತಾಗುವ ಕಾರಣ ಸಣ್ಣ ವಿಷಯ ಅಲ್ಲ. ಅವರು ಅಡಿಟಿಪ್ಪಣಿಯಲ್ಲಿ ಇಲ್ಲಿ ಪದ ಬಿಟ್ಟುಹೋದ ಹಾಗಿದೆ ಅಂತ ಸೂಚಿಸಿದರು. ದೊಡ್ಡ ಚರ್ಚೆಯೇ ಆಯಿತು. ಕೊನೆಗೆ ಮೂಡುಬಿದಿರೆಯ ಮೂಲ ಗರಿ ತೆಗೆದು ನೋಡಿದರೆ ಪದ ಅಲ್ಲೇ ಉಂಟು!

ಈ ಒಂದು ಘಟನೆಯಲ್ಲಿ ಎರಡು ಸಂಗತಿ ಕಾಣುತ್ತದೆ. ನಕಲು ಮಾಡುವಾಗ ಪದ ಬಿದ್ದುಹೋಗುವುದು ನಿಜ. ಹಾಗೆ ಬಿದ್ದದ್ದನ್ನು ಹುಡುಕಿ ಹಿಡಿಯಲಿಕ್ಕೆ ಆಗುತ್ತದೆ ಎಂಬುದೂ ಅಷ್ಟೇ ನಿಜ.

ಭಾಗ 2

ಈಗ ಇದೇ ಅಳತೆಗೋಲನ್ನು ಹೊಸ ಒಡಂಬಡಿಕೆಗೆ ಹಿಡಿಯುವ. ಒಂದೇ ಅಳತೆಗೋಲು, ಅದು ಮುಖ್ಯ.

ಕಿವಿಯಿಂದ ಕಿವಿಗೆ ಗುಸುಗುಸು ಹೇಳುವ ಆಟ ಆಡಿದ್ದೀರಲ್ಲ? ಕೊನೆಯವನು ಏನೋ ಹೇಳುತ್ತಾನೆ, ಎಲ್ಲರೂ ನಗುತ್ತೇವೆ. ಆ ಆಟದಲ್ಲಿ ಸಾಲು ಒಂದೇ, ಹಿಂದೆ ಹೋಗಿ ಕೇಳುವ ಹಾಗಿಲ್ಲ, ಬರೆದಿಡುವ ಹಾಗಿಲ್ಲ. ಸುವಾರ್ತೆಗಳ ಕಥೆ ಹಾಗಲ್ಲ. ಬರೆದ ಪುಸ್ತಕದಿಂದ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಜನ ಪ್ರತಿ ಮಾಡಿಕೊಂಡರು. ಈಜಿಪ್ಟ್‌ನಲ್ಲಿ ಒಬ್ಬ ತಪ್ಪು ಮಾಡಿದರೆ ರೋಮಿನವನ ಪ್ರತಿಯಲ್ಲಿ ಅದು ಇರುವುದಿಲ್ಲ. ಕ್ಲಾಸಲ್ಲಿ ಒಂದೇ ನೋಟ್ಸನ್ನು ಹತ್ತು ಜನ ಬರೆದುಕೊಂಡು, ಮೂಲ ನೋಟ್ಸ್ ಕಳೆದುಹೋಯಿತು ಅಂತ ಇಟ್ಟುಕೊಳ್ಳಿ. ಹತ್ತನ್ನೂ ಪಕ್ಕ ಪಕ್ಕ ಇಟ್ಟರೆ ಮೂಲದಲ್ಲಿ ಎಂತ ಇತ್ತು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ ಅಲ್ವಾ?

ಗ್ರೀಕ್ ಭಾಷೆಯಲ್ಲೇ 5,000ಕ್ಕಿಂತ ಹೆಚ್ಚು ಕೈಬರಹದ ಪ್ರತಿಗಳು ಸಿಕ್ಕಿವೆ. ಈ ಸಂಖ್ಯೆಯನ್ನು ನಮ್ಮವರು ಸ್ಟೇಟಸ್‌ನಲ್ಲಿ ಹಾಕಿ ಎದೆ ತಟ್ಟುತ್ತಾರೆ, ಅದು ನನಗೆ ಇಷ್ಟ ಇಲ್ಲ. ಯಾಕಂದರೆ ಅವುಗಳಲ್ಲಿ ಹೆಚ್ಚಿನವು 9ನೇ ಶತಮಾನದ ನಂತರದವು. ಬೆಲೆ ಇರುವುದು ಹಳೆಯ ಕೆಲವಕ್ಕೆ. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಒಂದು ಪಪೈರಸ್ ತುಂಡು ಉಂಟು, ಎಟಿಎಂ ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಎರಡೂ ಬದಿಯಲ್ಲಿ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಸಾಲುಗಳು, ಪಿಲಾತ ಯೇಸುವನ್ನು ವಿಚಾರಿಸುವ ಭಾಗ. ಇದು 2ನೇ ಶತಮಾನದ್ದು ಅಂತ ಹೆಚ್ಚಿನವರು ಹೇಳುತ್ತಾರೆ. ಹೆಚ್ಚುಕಡಿಮೆ ಇಡೀ ಪುಸ್ತಕವೇ ಸಿಗುವುದು 4ನೇ ಶತಮಾನದ ಸಿನೈಟಿಕಸ್, ವ್ಯಾಟಿಕಾನಸ್ ಪ್ರತಿಗಳಲ್ಲಿ.

ಹೋಲಿಕೆಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನನ್ನು ತೆಗೆದುಕೊಳ್ಳಿ. ನೀರೋ ಚಕ್ರವರ್ತಿಯ ಕಾಲದ ಬಗ್ಗೆ ಅವನು ಬರೆದ ಭಾಗ ನಮಗೆ ಸಿಕ್ಕಿರುವುದು 11ನೇ ಶತಮಾನದ ಒಂದೇ ಒಂದು ಪ್ರತಿಯ ಮೂಲಕ. ಅವನು ಬರೆದು ಒಂಬೈನೂರು ವರ್ಷದ ನಂತರದ್ದು. ಆದರೂ ಎಲ್ಲ ಯೂನಿವರ್ಸಿಟಿಗಳಲ್ಲೂ ಅವನನ್ನು ಇತಿಹಾಸದ ಆಧಾರ ಅಂತ ಓದುತ್ತಾರೆ, ಓದಲೂಬೇಕು. ಧವಲಾಕ್ಕೆ, ಟ್ಯಾಸಿಟಸ್‌ಗೆ ಕೊಟ್ಟ ಮರ್ಯಾದೆಯನ್ನು ಮಾರ್ಕನಿಗೂ ಕೊಡಿ ಅಂತ ಮಾತ್ರ ನಾನು ಕೇಳುವುದು.

ಭಾಗ 3

"ಆದರೆ ಯೇಸು ತೀರಿಹೋಗಿ 40 ವರ್ಷ ಆದ ಮೇಲೆ ಬರೆದದ್ದಲ್ವಾ?"

ಹೌದು. ಯೇಸುವಿನ ಶಿಲುಬೆಯ ಮರಣ ಸುಮಾರು ಕ್ರಿ.ಶ. 30ರಲ್ಲಿ, ಮಾರ್ಕನ ಸುವಾರ್ತೆ ಸುಮಾರು 70ರ ಹೊತ್ತಿಗೆ ಅಂತ ಹೆಚ್ಚಿನ ವಿದ್ವಾಂಸರ ಲೆಕ್ಕ. 40 ವರ್ಷ ಅಂದರೆ ಎಷ್ಟು? ಬಂಟ್ವಾಳದವರನ್ನು ಕೇಳಿ.

ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿದ್ದು 1974ರಲ್ಲಿ. 50 ವರ್ಷ ದಾಟಿತು. ಕೆಳಗಿನ ಪೇಟೆಯ ಯಾವ ಹಿರಿಯರ ಹತ್ತಿರ ಕೂತರೂ ನೀರು ಎಲ್ಲಿಯವರೆಗೆ ಬಂತು, ದೋಣಿ ಎಲ್ಲಿ ಓಡಿತು ಅಂತ ಹೇಳುತ್ತಾರೆ. ಒಬ್ಬರು ವಾರ ಮರೆತಿರಬಹುದು, ಇನ್ನೊಬ್ಬರು ನೀರನ್ನು ಎರಡಡಿ ಹೆಚ್ಚು ಏರಿಸಬಹುದು. ಆದರೆ "ನೆರೆ ಬರಲೇ ಇಲ್ಲ" ಅಂತ ಒಬ್ಬ ಹೊಸಬ ಬಂದು ಹೇಳಿದರೆ, ಅಥವಾ ಆ ವರ್ಷ ಪೇಟೆಯಲ್ಲಿ ಇಲ್ಲದವರನ್ನು ಇದ್ದರು ಅಂತ ಕಥೆ ಕಟ್ಟಿದರೆ, ಹತ್ತು ಜನ ಎದ್ದು ನಿಂತು ತಿದ್ದುತ್ತಾರೆ. 1923ರ ನೆರೆ ಹಾಗಲ್ಲ ನೋಡಿ. ಅದು ಈಗ ಅಜ್ಜ ಹೇಳಿದ್ದು, ಅಜ್ಜಿ ಹೇಳಿದ್ದು ಅಂತ ಆಗಿದೆ. ಮಾರ್ಕ ಬರೆದದ್ದು 1974ರ ಹಾಗಿನ ದೂರದಲ್ಲಿ, 1923ರ ದೂರದಲ್ಲಿ ಅಲ್ಲ.

ಪೌಲನ ಕಾಗದಗಳು ಇನ್ನೂ ಹತ್ತಿರದವು. ಕೊರಿಂಥದವರಿಗೆ ಬರೆದ ಮೊದಲ ಪತ್ರ 50ರ ದಶಕದ್ದು. ಅದರ 15ನೇ ಅಧ್ಯಾಯದಲ್ಲಿ ಯೇಸುವನ್ನು ಕಂಡವರ ಪಟ್ಟಿ ಕೊಡುತ್ತಾ, ಅವರಲ್ಲಿ ಹೆಚ್ಚಿನವರು ಈಗಲೂ ಬದುಕಿದ್ದಾರೆ ಅನ್ನುತ್ತಾನೆ. ಹೋಗಿ ಕೇಳಿ ಅನ್ನುವ ಧಾಟಿ ಅದು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ತಾನು ಜೆರುಸಲೇಮಿನಲ್ಲಿ ಪೇತ್ರನ ಜೊತೆ 15 ದಿನ ಇದ್ದೆ, ಯೇಸುವಿನ ತಮ್ಮ ಯಾಕೋಬನನ್ನು ಕಂಡೆ ಅಂತ ಬರೆಯುತ್ತಾನೆ. (ನಾವು ಕಥೋಲಿಕರು ತಮ್ಮ ಅಂದರೆ ಹತ್ತಿರದ ಸಂಬಂಧಿ ಅನ್ನುತ್ತೇವೆ, ಆ ಚರ್ಚೆ ಬೇರೆ ದಿನ.) ಅದೇ ಯಾಕೋಬನನ್ನು ಕೊಂದ ಸುದ್ದಿಯನ್ನು ಕ್ರೈಸ್ತನಲ್ಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ದಾಖಲಿಸಿದ್ದಾನೆ. ಜೋಸೆಫಸ್ ಯೇಸುವಿನ ಬಗ್ಗೆ ಬರೆದ ಇನ್ನೊಂದು ಭಾಗವನ್ನು ಆಮೇಲಿನ ಕ್ರೈಸ್ತರು ತಿದ್ದಿದ್ದಾರೆ. ಅದನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ.

ಭಾಗ 4

ಇದು ನನಗೆ ತುಂಬಾ ಇಷ್ಟವಾದ ವಾದ. ಹೆಸರುಗಳು.

ಕ್ಲಾಸಲ್ಲಿ ಮೂವರು ಪ್ರಜ್ವಲ್ ಇದ್ದರೆ ಎಂತ ಮಾಡ್ತೇವೆ? ಪುಂಜಾಲಕಟ್ಟೆ ಪ್ರಜ್ವಲ್, ಗುರುವಾಯನಕೆರೆ ಪ್ರಜ್ವಲ್, ಕನ್ನಡಕದ ಪ್ರಜ್ವಲ್. ಅಪರೂಪದ ಹೆಸರಿನವರಿಗೆ ಬಾಲ ಬೇಡ.

1ನೇ ಶತಮಾನದ ಪ್ಯಾಲೆಸ್ತೀನಿನ ಯೆಹೂದಿಗಳ ಹೆಸರುಗಳನ್ನು ಸಮಾಧಿ ಪೆಟ್ಟಿಗೆ, ಶಾಸನ, ಕಾಗದಪತ್ರಗಳಿಂದ ವಿದ್ವಾಂಸರು ಪಟ್ಟಿ ಮಾಡಿದ್ದಾರೆ. ಗಂಡಸರಲ್ಲಿ ಸಿಮೋನ, ಯೋಸೇಫ ತುಂಬಾ ಸಾಮಾನ್ಯ, ಹೆಂಗಸರಲ್ಲಿ ಮರಿಯ. ಈಗ ಸುವಾರ್ತೆ ತೆರೆದು ನೋಡಿ. ಸಿಮೋನ ಬಂದಲ್ಲೆಲ್ಲ ಬಾಲ ಉಂಟು: ಪೇತ್ರನೆಂಬ ಸಿಮೋನ, ಮತಾಭಿಮಾನಿ ಸಿಮೋನ, ಕುರೇನೆ ಊರಿನ ಸಿಮೋನ. ಮರಿಯ ಬಂದರೆ ಮಗ್ದಲದ ಮರಿಯ, ಯಾಕೋಬನ ತಾಯಿ ಮರಿಯ. ಫಿಲಿಪ್ಪ, ತೋಮ ಅಂಥವರಿಗೆ ಬಾಲ ಇಲ್ಲ. ಈಜಿಪ್ಟ್‌ನ ಯೆಹೂದಿಗಳಲ್ಲಿ ಹೆಸರಿನ ರೂಢಿಯೇ ಬೇರೆ ಇತ್ತು. ದೂರದ ಊರಲ್ಲಿ ಕೂತು ನೂರು ವರ್ಷ ಕಳೆದು ಕಥೆ ಕಟ್ಟುವವನಿಗೆ ಇಷ್ಟು ಸರಿಯಾಗಿ ಹೊಂದಿಸಲಿಕ್ಕೆ ಆಗುತ್ತಿತ್ತಾ? ರಿಚರ್ಡ್ ಬಾಕಮ್ ಎಂಬ ವಿದ್ವಾಂಸರು 2006ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಬೆಳೆಸಿದ್ದಾರೆ. ಒಪ್ಪದವರೂ ಇದ್ದಾರೆ, ಆದರೆ ಇದನ್ನು ಹಗುರವಾಗಿ ತಳ್ಳಿಹಾಕಲಿಕ್ಕೆ ಬರುವುದಿಲ್ಲ.

ಭಾಗ 5

ಕಲ್ಲು.

ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋದವರು ಬಾಹುಬಲಿಯ ಕಾಲಿನ ಹತ್ತಿರ ನಿಂತು ಫೋಟೋ ತೆಗೆದಿರುತ್ತೀರಿ. ಪಕ್ಕದಲ್ಲೇ ಶಾಸನ ಉಂಟು. ತಿಮ್ಮಣ್ಣ ಅಜಿಲ 1604ರಲ್ಲಿ ಈ ಮೂರ್ತಿಯನ್ನು ನಿಲ್ಲಿಸಿದ ಅಂತ ನಮಗೆ ಧೈರ್ಯದಿಂದ ಹೇಳಲಿಕ್ಕೆ ಆಗುವುದು ಆ ಕಲ್ಲಿನಿಂದ. ಬಾಯಿಮಾತಿನ ಕಥೆಗೆ ಕಲ್ಲು ಕೌಂಟರ್‌ಸೈನ್ ಮಾಡಿದ ಹಾಗೆ.

ಸುವಾರ್ತೆಯ ಪಿಲಾತನಿಗೂ ಅಂಥ ಕಲ್ಲು 1961ರಲ್ಲಿ ಸಿಕ್ಕಿತು, ಸಮುದ್ರ ತೀರದ ಕೈಸರೈಯದಲ್ಲಿ, ಹೆಸರು ಮತ್ತು ಹುದ್ದೆ ಎರಡೂ ಇರುವ ಶಾಸನ. ಅಪೊಸ್ತಲರ ಕೃತ್ಯಗಳು ಪುಸ್ತಕದ 18ನೇ ಅಧ್ಯಾಯದಲ್ಲಿ ಪೌಲನನ್ನು ಗಲ್ಲಿಯೋ ಎಂಬ ಅಧಿಕಾರಿಯ ಎದುರು ನಿಲ್ಲಿಸುತ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕಿದ ಶಾಸನದ ತುಂಡುಗಳಲ್ಲಿ ಅದೇ ಗಲ್ಲಿಯೋ ಹೆಸರು ಉಂಟು, ಅದರಿಂದ ಅವನ ಅಧಿಕಾರದ ಕಾಲ ಸುಮಾರು ಕ್ರಿ.ಶ. 51 ಅಂತ ಗೊತ್ತಾಯಿತು. ಥೆಸಲೋನಿಕದ ಅಧಿಕಾರಿಗಳನ್ನು ಲೂಕ "ಪೊಲಿತಾರ್ಕ್" ಎಂಬ ವಿಚಿತ್ರ ಹೆಸರಿನಿಂದ ಕರೆಯುತ್ತಾನೆ, ಬೇರೆ ಗ್ರೀಕ್ ಪುಸ್ತಕಗಳಲ್ಲಿ ಅದು ಕಾಣುವುದಿಲ್ಲ ಅಂತ ಒಂದು ಕಾಲದಲ್ಲಿ ಸಂಶಯಪಟ್ಟಿದ್ದರು. ಆಮೇಲೆ ಅದೇ ಊರಿನ ಕಲ್ಲಿನಲ್ಲೇ ಆ ಪದ ಸಿಕ್ಕಿತು.

ಆದರೆ ಕಲ್ಲು ಎಷ್ಟು ಹೇಳುತ್ತದೋ ಅಷ್ಟೇ. ಪಿಲಾತ ಇದ್ದ ಅಂತ ಕಲ್ಲು ಹೇಳುತ್ತದೆ. ಯೇಸು ಪುನರುತ್ಥಾನನಾದ ಅಂತ ಯಾವ ಕಲ್ಲೂ ಹೇಳುವುದಿಲ್ಲ.

ಭಾಗ 6

ಇನ್ನು ನನಗೆ ಕಷ್ಟ ಕೊಡುವ ವಿಷಯಗಳು. ಇವನ್ನು ಬಿಟ್ಟರೆ ವಿಂಡೋ ಡ್ರೆಸ್ಸಿಂಗ್ ಆಗುತ್ತದೆ.

ಮಾರ್ಕನ ಕೊನೆಯ 12 ವಚನಗಳು ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ, ಮೊದಲ ಕಲ್ಲು ಯಾರು ಎಸೆಯುತ್ತೀರಿ ಎಂಬುದು, ಎಲ್ಲರಿಗೂ ಇಷ್ಟವಾದ ಕಥೆ. ಅದೂ ಯೋಹಾನನ ಹಳೆಯ ಪ್ರತಿಗಳಲ್ಲಿ ಇಲ್ಲ. ಇದು ನಮಗೆ ಗೊತ್ತಾದದ್ದು ಹೇಗೆ? ಪ್ರತಿಗಳನ್ನು ಹೋಲಿಸಿದ್ದರಿಂದಲೇ. "ಸಂಜದ"ದ ವಿಷಯದಲ್ಲಿ ಬಿಟ್ಟುಹೋದದ್ದು ಸಿಕ್ಕಿತು, ಇಲ್ಲಿ ಸೇರಿಕೊಂಡದ್ದು ಸಿಕ್ಕಿತು. ಈಗಿನ ಎಷ್ಟೋ ಬೈಬಲ್‌ಗಳು ಅದನ್ನು ಕಂಸದಲ್ಲಿ ಹಾಕಿ ಟಿಪ್ಪಣಿ ಕೊಡುತ್ತವೆ.

ಹಳೆಯ ಒಡಂಬಡಿಕೆಗೆ 1947ರಿಂದ ಮೃತ ಸಮುದ್ರದ ಹತ್ತಿರ ಸಿಕ್ಕಿದ ಸುರುಳಿಗಳು ದೊಡ್ಡ ಪರೀಕ್ಷೆ. ಯೆಶಾಯನ ಸುರುಳಿ ಅದುವರೆಗೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸಾವಿರ ವರ್ಷ ಹಳೆಯದು. ಸಣ್ಣ ವ್ಯತ್ಯಾಸ ತುಂಬಾ ಉಂಟು, ಆದರೆ ಪುಸ್ತಕ ಅದೇ. ಯೆರೆಮೀಯನ ವಿಷಯದಲ್ಲಿ ಮಾತ್ರ ಗಿಡ್ಡ ರೂಪವೂ ಇತ್ತು ಅಂತ ಗೊತ್ತಾಯಿತು. ಅದನ್ನೂ ಹೇಳಬೇಕು.

"ಅನುವಾದದ ಅನುವಾದ" ಎಂಬ ಮಾತಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಉಂಟು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ 1847ರಲ್ಲಿ ತುಳು ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿತು. ಆ ಮಿಷನರಿಗಳು ಗ್ರೀಕ್ ಕಲಿತು ಬಂದವರು. ತುಳುವಿಗೂ ಮೂಲಕ್ಕೂ ನಡುವೆ ಹತ್ತು ಭಾಷೆಯ ಸಾಲು ಇಲ್ಲ. ಅನುಮಾನ ಬಂದರೆ ಇವತ್ತು ನೀವೂ ಗ್ರೀಕ್ ಕಲಿತು ತಾಳೆ ನೋಡಬಹುದು.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಲೂಕನ 2ನೇ ಅಧ್ಯಾಯದ್ದು. ಯೇಸು ಹುಟ್ಟುವಾಗ ಕುರೇನ್ಯ ಸಿರಿಯದ ಅಧಿಪತಿ, ಆಗ ಜನಗಣತಿ ಆಯಿತು ಅಂತ ಉಂಟು. ಜೋಸೆಫಸ್ ಪ್ರಕಾರ ಆ ಗಣತಿ ಕ್ರಿ.ಶ. 6ರಲ್ಲಿ. ಹೆರೋದ ರಾಜ ಸತ್ತದ್ದು ಕ್ರಿ.ಪೂ. 4ರಲ್ಲಿ. ಹೊಂದುವುದಿಲ್ಲ. ಬೇರೆ ಬೇರೆ ಸಮಾಧಾನ ಕೊಡುವವರು ಇದ್ದಾರೆ, ನನಗೆ ಯಾವುದೂ ಪೂರ್ತಿ ಹಿಡಿಸಿಲ್ಲ. ನಮ್ಮ ಆಡಿಟಿಂಗ್ ಪಾಠ ನೆನಪಿಸಿಕೊಳ್ಳಿ: ಆಡಿಟರ್ ಕೊಡುವುದು ಪ್ರತಿ ಪೈಸೆಗೂ ಗ್ಯಾರಂಟಿ ಅಲ್ಲ, ಒಟ್ಟು ಚಿತ್ರ ಸರಿಯಾಗಿದೆ ಎಂಬ ಸಮಂಜಸ ಭರವಸೆ. ಒಂದು ಎಂಟ್ರಿ ತಾಳೆಯಾಗಲಿಲ್ಲ ಅಂತ ಇಡೀ ಲೆಡ್ಜರ್ ಹರಿಯುವುದಿಲ್ಲ. ಹಾಗಂತ ಆ ಎಂಟ್ರಿಯನ್ನು ಮುಚ್ಚಿಡುವುದೂ ಇಲ್ಲ. ಸುವಾರ್ತೆಗಳ ಬಗ್ಗೆ ನನ್ನ ರಿಪೋರ್ಟ್ ಅಷ್ಟೇ. ಆ ಜಾಗ, ಆ ಜನ, ಆ ಕಾಲ ಚೆನ್ನಾಗಿ ಗೊತ್ತಿದ್ದವರ ಬರಹ ಅದು, ಗಂಭೀರವಾಗಿ ತೆಗೆದುಕೊಳ್ಳಬೇಕಾದ ದಾಖಲೆ. ಖಾಲಿ ಸಮಾಧಿಯ ಮುಂದೆ ನಿಂತು ಹೌದಾ ಅಲ್ಲವಾ ಅನ್ನುವುದು ದಾಖಲೆಯಿಂದಾಚೆಯ ಕೆಲಸ, ಅದನ್ನು ನಿಮಗೆ ಬದಲಾಗಿ ನಾನು ಮಾಡಲಿಕ್ಕೆ ಆಗುವುದಿಲ್ಲ.

ಕುರೇನ್ಯನ ಬಗ್ಗೆ ಯಾರಿಗಾದರೂ ಒಳ್ಳೆಯ ಉತ್ತರ ಗೊತ್ತಿದ್ದರೆ ಕಮೆಂಟಲ್ಲಿ ಹಾಕಿ, ಜಗಳ ಬೇಡ. ಮುಂದಿನ ಸರಣಿ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಕಾಸ್ಟಿಂಗ್ ಪೇಪರ್ ನನ್ನನ್ನು ಉಳಿಸಿದರೆ.

#ಮೂಡುಬಿದಿರೆ #ಬಂಟ್ವಾಳ #ಬೆಳ್ತಂಗಡಿ #ಧವಲಾ #ಸುವಾರ್ತೆ #ಇತಿಹಾಸ