ಏವೂರಿನ ವಂಶಾವಳಿ: ಶಿಲೆಯಿಂದ ಕಡತಕ್ಕೆ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಏವೂರಿನಲ್ಲಿ ಕಲ್ಯಾಣದ ಚಾಳುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದ, 1077ರ ಶಾಸನವಿದೆ. ಅಯೋಧ್ಯೆಯಲ್ಲಿ 59 ಅರಸರು, ಬಳಿಕ ದಕ್ಷಿಣದಲ್ಲಿ 16 ಮಂದಿ ಆಳಿದರೆಂದು ಆರಂಭಿಸಿ, ಅದು ಚಾಳುಕ್ಯರ ಪೀಳಿಗೆಗಳನ್ನು ಒಂದೊಂದಾಗಿ ಹೇಳುತ್ತ ಬರುತ್ತದೆ. ವಾಲ್ಟರ್ ಎಲಿಯಟ್ 1837ರ ತಮ್ಮ ಪ್ರಬಂಧದಲ್ಲಿ ಇದನ್ನು ಆಧರಿಸಿದರು. ಮುಂದೆ ಜೆ.ಎಫ್. ಫ್ಲೀಟ್ ಇಂಡಿಯನ್ ಆಂಟಿಕ್ವರಿಯ 8ನೆಯ ಸಂಪುಟದಲ್ಲಿ ಶಾಸನವನ್ನು ಪರಿಷ್ಕರಿಸಿ ಪ್ರಕಟಿಸಿದರು. ಪದ್ಯದಲ್ಲಿದ್ದ ವಂಶ ಹೀಗೆ ವಿದ್ವಾಂಸರ ಕೈಯಲ್ಲಿ ಗೆರೆಗಳ ನಕ್ಷೆಯಾಯಿತು.

ಈಗ ಅದನ್ನು ಕಂಪ್ಯೂಟರಿಗೆ ಕೊಡಬೇಕಾದರೆ ಜೀವಶಾಸ್ತ್ರಜ್ಞರು ರೂಪಿಸಿದ ಬರವಣಿಗೆ ಸಿದ್ಧವಾಗಿದೆ. ವೃಕ್ಷವನ್ನು ಆವರಣ ಚಿಹ್ನೆಗಳಲ್ಲಿ ಬರೆಯಬಹುದೆಂಬುದನ್ನು ಗಣಿತಜ್ಞ ಆರ್ಥರ್ ಕೇಲಿ 1857ರಲ್ಲೇ ಕಂಡಿದ್ದರು. 1986ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೈನ್ ಮತ್ತು ಸಂಗಡಿಗರು ಅಮೆರಿಕದ ಡೋವರ್‌ನ ಒಂದು ಹೋಟೆಲಿನಲ್ಲಿ ಅದರ ನಿಯಮಗಳಿಗೆ ಕೊನೆಯ ರೂಪ ಕೊಟ್ಟರು. ಹೋಟೆಲಿನ ಹೆಸರೇ ಬರವಣಿಗೆಗೂ ನಿಂತಿತು: ನ್ಯೂಯಿಕ್. ಬಾದಾಮಿ ಚಾಳುಕ್ಯರ ಮೊದಲ ಕವಲು ಅದರಲ್ಲಿ ಹೀಗಾಗುತ್ತದೆ:

(ಮಂಗಳೇಶ,(ಇಮ್ಮಡಿ_ಪುಲಕೇಶಿ)ಕೀರ್ತಿವರ್ಮ)ಮೊದಲ_ಪುಲಕೇಶಿ;

ಯಾರು ಯಾರ ಮಗನೆಂಬುದು ಇಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಅಣ್ಣ ಕೀರ್ತಿವರ್ಮನ ನಂತರ ಮಂಗಳೇಶ ಆಳಿದ್ದು, ಅವನನ್ನು ಉರುಳಿಸಿ ಇಮ್ಮಡಿ ಪುಲಕೇಶಿ ಪಟ್ಟ ಪಡೆದದ್ದು ಎಲ್ಲೂ ಇಲ್ಲ. ಅಲ್ಪವಿರಾಮದ ಆಚೀಚೆ ಇರುವ ಹೆಸರುಗಳನ್ನು ಅದಲುಬದಲು ಮಾಡಿದರೂ ತಂತ್ರಾಂಶಕ್ಕೆ ಅದು ಅದೇ ವೃಕ್ಷ. ಹಿರಿಯ ಕಿರಿಯರ ಲೆಕ್ಕ ಅದಕ್ಕಿಲ್ಲ. ರಾಜವಂಶದ ಇತಿಹಾಸದಲ್ಲಿ ಇದು ಸಣ್ಣ ನಷ್ಟವಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕಲ್ಯಾಣ ಶಾಖೆಯ ಎರಡನೆಯ ತೈಲನ ತಾಯಿ ಬೊಂಥಾದೇವಿ ಚೇದಿಯ ಲಕ್ಷ್ಮಣನ ಮಗಳೆಂದು ಶಾಸನ ಪರಂಪರೆ ನೆನೆಯುತ್ತದೆ. ನ್ಯೂಯಿಕ್‌ನಲ್ಲಿ ಒಬ್ಬ ಮಗನಿಗೆ ಒಂದೇ ಮೂಲ; ತಂದೆಯನ್ನು ಬರೆದೊಡನೆ ತಾಯಿ ಹೊರಗುಳಿಯುತ್ತಾಳೆ. ವಂಶಶೋಧಕರು ಬಳಸುವ ಗೆಡ್‌ಕಾಮ್ ಎಂಬ ಕಡತ ಗಂಡ, ಹೆಂಡತಿ, ಮಕ್ಕಳನ್ನು ಒಂದು ಕುಟುಂಬವಾಗಿ ದಾಖಲಿಸುವುದರಿಂದ ಅಲ್ಲಿ ಅವಳಿಗೆ ಜಾಗವಿದೆ. ಗೆಡ್‌ಕಾಮ್‌ನಿಂದ ನ್ಯೂಯಿಕ್‌ಗೆ ಇಳಿಸುವವರು ಅವಳನ್ನು ಬಿಟ್ಟುಬಿಡುತ್ತಾರೆ. ಮರಳಿ ಗೆಡ್‌ಕಾಮ್‌ಗೆ ಏರಿಸಿದರೂ ಅವಳು ಸಿಗುವುದಿಲ್ಲ.

1997ರಲ್ಲಿ ಮ್ಯಾಡಿಸನ್ ಸೋದರರು ಮತ್ತು ಸ್ವಾಫರ್ಡ್ ವಿವರಿಸಿದ, ಜೀವಶಾಸ್ತ್ರಜ್ಞರದೇ ಇನ್ನೊಂದು ಬಗೆಯಾದ ನೆಕ್ಸಸ್ ಕಡತದಲ್ಲಿ ಹೆಸರುಗಳ ಪಟ್ಟಿ ಬೇರೆ, ವೃಕ್ಷ ಬೇರೆ. ಒಂದೇ ಹೆಸರು ಎರಡು ಸಲ ಬರಕೂಡದು. ಏವೂರಿನ ಸೀಮೆಯನ್ನೇ ಆಳಿದ ಸುರಪುರದ ನಾಯಕರನ್ನು ಬರೆಯಹೊರಟರೆ ಇದು ಕೂಡಲೇ ಅಡ್ಡ ಬರುತ್ತದೆ: 1705ರಲ್ಲಿ ವಾಗಿಣಗೇರಿಯಲ್ಲಿ ಔರಂಗಜೇಬನನ್ನು ಎದುರಿಸಿದವನೂ ಪಿಡ್ಡನಾಯಕ, ಮುಂದೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಂಡವನೂ ಪಿಡ್ಡನಾಯಕ, ವೆಂಕಟಪ್ಪ ನಾಯಕರು ಹಲವರು. ಇಸವಿಯನ್ನೋ ಸಂಖ್ಯೆಯನ್ನೋ ಹೆಸರಿಗೆ ಕೂಡಿಸದೆ ಗತ್ಯಂತರವಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಸಂಶಯದ ಪ್ರಶ್ನೆ. ಬಾದಾಮಿಯ ಎರಡನೆಯ ವಿಕ್ರಮಾದಿತ್ಯನ ತಮ್ಮನೊಬ್ಬನ ಮೂಲಕ ಕಲ್ಯಾಣದ ಅರಸರು ತಮ್ಮ ವಂಶವನ್ನು ಹಿಂದಕ್ಕೆ ಜೋಡಿಸಿಕೊಂಡರು. ಫ್ಲೀಟ್ ಮತ್ತು ರಾ.ಗೋ. ಭಂಡಾರ್ಕರ್ ಈ ಕೊಂಡಿಯನ್ನು ಶಂಕಿಸಿದರು. ಶಂಕೆ ಇರುವುದು ಇಬ್ಬರ ನಡುವಿನ ಗೆರೆಯ ಮೇಲೆ. ನ್ಯೂಯಿಕ್‌ನಲ್ಲಿ ಗುರುತು ಹಾಕಲು ಜಾಗವಿರುವುದು ಸಂಧಿಯ, ಅಂದರೆ ಕವಲೊಡೆಯುವ ಬಿಂದುವಿನ, ಹೆಸರಿನ ಬಳಿ. ಆ ಗುರುತನ್ನು ಒಂದು ತಂತ್ರಾಂಶ ಹೆಸರೆಂದು ಓದಿದರೆ ಇನ್ನೊಂದು ವಿಶ್ವಾಸದ ಅಂಕವೆಂದು ಓದುತ್ತದೆ. ವೃಕ್ಷದ ಬುಡ ಬದಲಿಸಿದಾಗ ಅಂಕಗಳು ತಪ್ಪು ಕವಲಿಗೆ ಅಂಟಿಕೊಳ್ಳುವುದನ್ನು 2017ರಲ್ಲಿ ಚೆಕ್, ಹುಯೆರ್ಟಾ-ಸೆಪಾಸ್, ಸ್ಟಾಮಾಟಾಕಿಸ್ ತೋರಿಸಿದ್ದಾರೆ.

ಆದ್ದರಿಂದ ಏವೂರಿನಂಥ ವಂಶಾವಳಿಗೆ ಮೂಲಪ್ರತಿಯಾಗಿ ಸರಳ ಕೋಷ್ಟಕವನ್ನೇ ಇಡಬೇಕೆಂಬುದು ನನ್ನ ನಿಲುವು: ಸಾಲಿಗೊಂದು ಸಂಬಂಧ, ಪಕ್ಕದಲ್ಲಿ ಅದನ್ನು ಹೇಳುವ ಶಾಸನ, ಅದರ ಪಕ್ಕದಲ್ಲಿ ಶಂಕಿಸಿದವರ ಹೆಸರು. ನ್ಯೂಯಿಕ್, ನೆಕ್ಸಸ್ ಕಡತಗಳನ್ನು ಬೇಕಾದಾಗ ಅದರಿಂದ ತೆಗೆದುಕೊಳ್ಳಬಹುದು. ತಿದ್ದುಪಡಿ ಮಾತ್ರ ಕೋಷ್ಟಕದಲ್ಲೇ ಆಗಬೇಕು.